ಅಪ್ಪನ ಐದೀಡಿನ ಕೋವಿ

ಮನೆಯಲ್ಲಿ ಕೋವಿ ಇದೆ ಎಂದು ಗೊತ್ತಾದ ಮೇಲೆ ಜನ ನಮ್ಮ ಜೊತೆ ಮಾತಾಡುವ ಧಾಟಿಯೇ ಬದಲಾಗುತ್ತದೆ. ಗ್ಯಾಸ್ ಸಿಲಿಂಡರ್ ತರುವವನು ಮೊದಲೆಲ್ಲ ಗೇಟಿನ ಹತ್ತಿರವೇ ಧೊಪ್ಪನೆ ಇಳಿಸಿ ಹೋಗುತ್ತಿದ್ದ. ಈಗ ಅಡುಗೆಮನೆಯವರೆಗೆ ಹೊತ್ತು ತಂದು, ಸೋರುತ್ತಿದೆಯೇ ಎಂದು ಮೂಸಿ ನೋಡಿ, "ಬರ್ಲಾ ಮೇಡಂ?" ಎಂದು ಅಪ್ಪಣೆ ಕೇಳಿಕೊಂಡು ಹೋಗುತ್ತಾನೆ. ಪಕ್ಕದ ಸೈಟಿನವರು ನಮ್ಮ ಕಡೆಗೆ ಒಂದು ಗೇಣು ಒತ್ತಿ ಕಾಂಪೌಂಡು ಕಟ್ಟಲು ದಾರ ಹಿಡಿದಿದ್ದರು. ಒಂದು ಬೆಳಿಗ್ಗೆ ನೋಡಿದರೆ ದಾರ ತಾನಾಗಿಯೇ ಹಿಂದಕ್ಕೆ ಸರಿದಿದೆ. ನಾನು ಯಾರಿಗೂ ಒಂದು ಮಾತು ಆಡಿದವಳಲ್ಲ. ಹಿಂದಿನ ದಿನ ವರಾಂಡದಲ್ಲಿ ಕೂತು ಕೋವಿಯ ನಳಿಗೆ ಒರೆಸುತ್ತಿದ್ದೆ, ಅಷ್ಟೆ.

ಹಾಗಂತ ನನ್ನನ್ನು ವೀರವನಿತೆ ಎಂದುಕೊಳ್ಳಬೇಡಿ. ಹಾರನಹಳ್ಳಿ, ಗೆಂಡೆಹಳ್ಳಿ ಎಂದು ಊರೂರಿಗೆ ವರ್ಗವಾಗಿ, ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು, ನಿವೃತ್ತಳಾಗಿ ಅರಸೀಕೆರೆಯಲ್ಲಿ ಅಮ್ಮನ ಜೊತೆ ಇರುವ ಹೆಂಗಸು ನಾನು. ಮಂಡಿನೋವಿದೆ, ಸಕ್ಕರೆ ಕಾಯಿಲೆ ಇದೆ. ಜಿರಲೆ ಕಂಡರೆ ಮಂಡಿನೋವು ಮರೆತು ಕುರ್ಚಿ ಹತ್ತುತ್ತೇನೆ. ದೀಪಾವಳಿಯಲ್ಲಿ ಸುರುಸುರುಬತ್ತಿಯಿಂದ ಮುಂದಕ್ಕೆ ಬಡ್ತಿ ಪಡೆದವಳಲ್ಲ. ಇಂಥವಳು ತೀರಾ ಕೆಟ್ಟು ಕೂತಿದ್ದ ಕೋವಿಯೊಂದನ್ನು ಹಟ ಹಿಡಿದು ಸರಿಮಾಡಿಸಿಕೊಂಡೆ. ಯಾಕೆ ಎಂದು ಕೇಳಿದವರೇ ಎಲ್ಲ. ಆ "ಯಾಕೆ"ಯೇ ನನ್ನನ್ನು ಕೆಣಕಿದ್ದು.

ಅದು ಅಪ್ಪನ ಕೋವಿ. ನಮ್ಮ ಕಡೆ ಅದನ್ನು ಐದೀಡಿನ ಕೋವಿ ಎನ್ನುತ್ತಾರೆ, ಬೆಲ್ಜಿಯಂನಿಂದ ಬಂದದ್ದಂತೆ. ಸಾಮಾನ್ಯ ತೋಟಾಕೋವಿಯಲ್ಲಿ ಒಂದೋ ಎರಡೋ ಈಡು ಹಾರಿಸಿ, ನಳಿಗೆ ಮುರಿದು ಬಗ್ಗಿಸಿ, ಖಾಲಿ ತೋಟಾ ಕಿತ್ತು ಹೊಸದು ತುಂಬಬೇಕು. ಇದು ಹಾಗಲ್ಲ. ಕುದುರೆ, ಅಂದರೆ ಟ್ರಿಗರ್, ಒತ್ತಿದರೆ ನಳಿಗೆಯೇ ಹಿಂದಕ್ಕೆ ಜಾರಿ, ಖಾಲಿ ತೋಟಾವನ್ನು ಪಕ್ಕಕ್ಕೆ ಎಸೆದು, ಹೊಟ್ಟೆಯೊಳಗಿನ ಮುಂದಿನ ತೋಟಾವನ್ನು ತಾನೇ ಮೇಲಕ್ಕೆ ತೆಗೆದುಕೊಳ್ಳುತ್ತದೆ. ಐದು ಸಲ. ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಇರುತ್ತದೆ ಎನ್ನುವ ಪಾಠವನ್ನು ಪುಸ್ತಕ ಮುಟ್ಟದೆ ಮಾಡುತ್ತಿದ್ದೆನೆಂದು ನನ್ನನ್ನು ಹೊಗಳುವ ಹಳೆಯ ವಿದ್ಯಾರ್ಥಿಗಳಿದ್ದಾರೆ. ನನಗೆ ಆ ಪಾಠ ಗೊತ್ತಾದದ್ದು ಮನೆಯ ಗೋಡೆಗೆ ಒರಗಿದ್ದ ಈ ಪಾಠೋಪಕರಣದಿಂದ.

ಕೋವಿ ಅಪ್ಪನ ಕೈಗೆ ಬಂದ ಕಥೆ ಅಮ್ಮ ಹೇಳಬೇಕು, ನೀವು ಕೇಳಬೇಕು. ನಮ್ಮದು ಕಣಕಟ್ಟೆ ಕಡೆಯ ಹಳ್ಳಿ. ಊರ ನಡುವೆ ಪಟೇಲರ ಮನೆ, ಊರಾಚೆ ನಮ್ಮ ಕೇರಿ. ಅಪ್ಪ ಹನುಮಯ್ಯ ಪಟಾಲಂ, ಅಂದರೆ ಮಿಲಿಟರಿ ಸೇರಿ, ಅವಧಿ ಮುಗಿಸಿ ವಾಪಸು ಬಂದ ಹೊಸತು. ರಾಗಿ ಹೊಲಕ್ಕೆ ಹಂದಿ ಬಿದ್ದು, ಪಟೇಲರು ಹೊಸ ಕೋವಿ ಹಿಡಿದು ಹೊರಟರು. ತಮಟೆ ಬಡಿದು ಹಂದಿ ಎಬ್ಬಿಸುವ ಕೆಲಸ ಯಥಾಪ್ರಕಾರ ಕೇರಿಯವರದ್ದು. ಪಟೇಲರು ಮೊದಲ ಈಡು ಹಾರಿಸಿದರು, ಹಂದಿಗೆ ತಾಗಲಿಲ್ಲ, ಸಿಟ್ಟು ಬಂತು. ಎರಡನೆಯ ಈಡಿಗೆ ಕೋವಿ ಕಚ್ಚಿಕೊಂಡು ಕೂತಿತು. ಹಂದಿ ಅವರ ಕಡೆಗೇ ತಿರುಗಿತು.

"ಪಟೇಲ್ರು ಹೊಂಗೆ ಮರ ಹತ್ತುಬುಟ್ರು ಕಣವ್ವ. ಪಂಚೆ ಮಾತ್ರ ಬುಡದಾಗೇ ಉಳ್ಕಂತು. ನಿಮ್ಮಪ್ಪ ಹಂದಿ ಓಡ್ಸಿ, ಪಂಚೆ ಎತ್ತಿ ಕೊಟ್ಟ" ಎಂದು ಅಮ್ಮ ಇವತ್ತಿಗೂ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾಳೆ.

ಪಂಚೆ ಕಳಚಿಸಿದ ಕೋವಿಯನ್ನು ಯಾರು ತಾನೆ ಮನೆಯಲ್ಲಿಟ್ಟುಕೊಳ್ಳುತ್ತಾರೆ? ಅದು ದರಿದ್ರದ್ದು ಎಂದು ಪಟೇಲರು ಅಟ್ಟಕ್ಕೆಸೆದರು. ಅಪ್ಪ ಹೋಗಿ ತನಗೆ ಮಾರುವಿರಾ ಎಂದು ಕೇಳಿದ. "ನಿನಗ್ಯಾಕ್ಲಾ ಕೋವಿ?" ಎಂದು ಪಟೇಲರು ನಕ್ಕರಂತೆ. ಕೆಟ್ಟ ಕೋವಿ ತಾನೆ, ತಗೊಂಡು ಸಾಯಲಿ ಎಂದು ಬರೆದುಕೊಟ್ಟರು. ಪಟಾಲಮ್ಮಿನಲ್ಲಿದ್ದವನು ಎಂದು ಅಪ್ಪನಿಗೆ ಲೈಸೆನ್ಸೂ ಸಿಕ್ಕಿತು. ಅಪ್ಪ ಅದನ್ನು ಚಾಪೆಯ ಮೇಲೆ ಬಿಚ್ಚಿ ಹರಡಿದ, ಜೋಡಿಸಿದ, ಮತ್ತೆ ಬಿಚ್ಚಿದ, ಬಯ್ದ, ಮತ್ತೆ ಜೋಡಿಸಿದ. ಕೊನೆಗೆ ಒಂದು ಸ್ಕ್ರೂ ಹೆಚ್ಚಿಗೆ ಉಳಿಯಿತು, ಕೋವಿ ಮಾತ್ರ ಕೆಲಸ ಮಾಡಿತು. ಆ ಸ್ಕ್ರೂ ಬಹಳ ಕಾಲ ಅಮ್ಮನ ಸಾಸಿವೆ ಡಬ್ಬಿಯಲ್ಲಿತ್ತು. ಅದು ಎಲ್ಲಿಯದು ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಕೋವಿ ಸರಿಹೋಯಿತು ಎಂದು ಗೊತ್ತಾದ ಕೂಡಲೇ ಪಟೇಲರ ಮನೆಯಿಂದ ಕರೆ ಬಂತು, ವಾಪಸು ತಂದುಕೊಡು ಎಂದು. ಅಪ್ಪ ಹೋಗಿ ಅಂಗಳದಲ್ಲಿ ನಿಂತು, "ಕೊಡಾಕಿಲ್ಲ ಬುದ್ಧಿ" ಎಂದು ಹೇಳಿ ಬಂದ. ದೊಡ್ಡವರನ್ನು ಬುದ್ಧಿ ಎಂದು ಕರೆಯುವುದು ನಮ್ಮ ಕೇರಿಯವರ ನಾಲಗೆಗೆ ಅಂಟಿದ್ದ ಅಭ್ಯಾಸ. ಅದರ ಹಿಂದೆಯೇ "ಕೊಡಾಕಿಲ್ಲ" ಸೇರಿದ್ದು ಅದೇ ಮೊದಲಿರಬೇಕು. ಆಮೇಲೆ ಅಪ್ಪ ಯಾರನ್ನೂ ಬುದ್ಧಿ ಎಂದು ಕರೆದದ್ದನ್ನು ಅಮ್ಮ ಕೇಳಲಿಲ್ಲವಂತೆ.

ಅರಸೀಕೆರೆಯ ಒಂದು ಬ್ಯಾಂಕಿನಲ್ಲಿ ಅಪ್ಪನಿಗೆ ಗನ್‌ಮ್ಯಾನ್ ಕೆಲಸ ಸಿಕ್ಕಿತು. ಸ್ವಂತ ಕೋವಿ ಇದ್ದವರಿಗೇ ಆ ಕೆಲಸ. ಪ್ರತಿ ಬೆಳಿಗ್ಗೆ ಕೋವಿ ಹೆಗಲಿಗೇರಿಸಿ, ಪಟಾಲಮ್ಮಿನ ಬೂಟು ಹಾಕಿಕೊಂಡು, ಊರೊಳಗಿನ ಬೀದಿಯಲ್ಲಿ ಹಾದು ಬಸ್ಸಿಗೆ ಹೋಗಬೇಕು. ಇಲ್ಲಿ ಒಂದು ತೊಡಕಿತ್ತು. ಪಟೇಲರ ಮನೆಯ ಮುಂದೆ ನಮ್ಮವರು ಮೆಟ್ಟು ಕಳಚಿ ಕೈಯಲ್ಲಿ ಹಿಡಿದು ದಾಟಬೇಕೆಂಬುದು ಆಗಿನ ಕಟ್ಟಳೆ. ಮೊದಲ ದಿನವೇ ಜಗಲಿಯಿಂದ ಯಾರೋ ಕೂಗಿದರು: "ಏನ್ಲಾ ಹನುಮ, ಕಾಲಾಗೇನ್ಲಾ ಅದು?"

ಅಪ್ಪ ನಿಂತು, ಬಹಳ ವಿನಯದಿಂದ ಹೇಳಿದನಂತೆ: "ಬೂಟು ಬಿಚ್ಚಾಕೆ ಎರಡು ಕೈ ಬೇಕು ಸ್ವಾಮಿ. ಕೋವಿ ನೆಲಕ್ಕಿಡಂಗಿಲ್ಲ, ಸರ್ಕಾರದ ರೂಲ್ಸು. ನೀವೇ ಬಂದು ಲೇಸು ಬಿಚ್ಚಿಕೊಟ್ರೆ ಕಳಚ್ತೀನಿ."

ಕೋವಿ ನೆಲಕ್ಕಿಡಬಾರದು ಎಂಬ ರೂಲ್ಸು ಯಾವ ಸರ್ಕಾರದಲ್ಲಿದೆಯೋ ನನಗೆ ಇವತ್ತಿಗೂ ಸಿಕ್ಕಿಲ್ಲ. ಜಗಲಿಯವರಿಗೂ ಗೊತ್ತಿರಲಿಲ್ಲ. ಲೇಸು ಬಿಚ್ಚಲು ಯಾರೂ ಇಳಿದು ಬರಲಿಲ್ಲ. ಅಪ್ಪ ಬೂಟು ಹಾಕಿಕೊಂಡೇ ದಾಟಿದ, ಮಾರನೆಯ ದಿನವೂ ದಾಟಿದ, ಸ್ವಲ್ಪ ಕಾಲದ ಮೇಲೆ ಅಪ್ಪನ ಹಿಂದೆ ಚಪ್ಪಲಿ ಹಾಕಿಕೊಂಡು ಬೇರೆಯವರೂ ದಾಟಿದರು. ಅಪ್ಪ ಆ ಕೋವಿಯಿಂದ ಒಂದು ಇಲಿಯನ್ನೂ ಕೊಂದವನಲ್ಲ. ಬ್ಯಾಂಕಿನೊಳಗೆ ನುಗ್ಗಿ ಮ್ಯಾನೇಜರರ ಬಾಳೆಹಣ್ಣು ಕದ್ದ ಕೋತಿಯೊಂದಕ್ಕೆ ತೋರಿಸಿ ಹೆದರಿಸಿದ್ದೇ ಅದರ ದೊಡ್ಡ ಯುದ್ಧ. ಬೇರೆಯವರ ದುಡ್ಡಿಗೆ ಕಾವಲು ನಿಂತೇ ಅದು ನಮ್ಮನ್ನು ಓದಿಸಿತು.

"ನಿನಗ್ಯಾಕೆ" ಎನ್ನುವ ಪ್ರಶ್ನೆ ಅಪ್ಪನಿಗೆ ಮುಗಿಯಲಿಲ್ಲ, ನನಗೂ ಮುಗಿಯಲಿಲ್ಲ. ನಾನು ಸೈನ್ಸ್ ತೆಗೆದುಕೊಳ್ಳುತ್ತೇನೆ ಎಂದಾಗ, ನಿನಗ್ಯಾಕಮ್ಮ ಕಷ್ಟದ್ದು, ಆರ್ಟ್ಸ್ ತಗೋ ಎಂದರು. ಊರಲ್ಲಿ ತೋಟ ಕೊಂಡಾಗ, ಸಂಬಳ ಬರುತ್ತಲ್ಲ, ನಿಮಗ್ಯಾಕೆ ತೋಟ ಎಂದರು. ಮನೆಗೆ ಎರಡನೆಯ ಅಂತಸ್ತು ಹಾಕಿದಾಗ, ಇರೋರು ಇಬ್ಬರು, ನಿಮಗ್ಯಾಕೆ ಮಹಡಿ ಎಂದರು. ಕೇಳುವವರ ದನಿಯಲ್ಲಿ ಬಹಳ ಕಾಳಜಿ ಇರುತ್ತದೆ. ಸಕ್ಕರೆ ಕಾಯಿಲೆಯವರ ಎಲೆಯಿಂದ ಹೋಳಿಗೆ ಎತ್ತಿಕೊಳ್ಳುವವರಿಗೆ ಇರುವಂಥದ್ದೇ ಕಾಳಜಿ.

ಅಪ್ಪನಿಗೆ ವಯಸ್ಸಾಗಿ ಕಣ್ಣು ಮಂಜಾಯಿತು. ಅಷ್ಟರಲ್ಲಿ ಕೇರಿಯ ಎಷ್ಟೋ ಮನೆಗಳ ಜೊತೆ ನಾವೂ ಬೌದ್ಧರಾಗಿದ್ದೆವು. ನಡುಮನೆಯ ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ಬೀರುವಿನಲ್ಲಿ ಕೋವಿ. ಆಯುಧಪೂಜೆಯ ದಿನ ಅಮ್ಮ ಮಾತ್ರ ಹಳೆಯ ರೂಢಿ ಬಿಡಲಿಲ್ಲ. ಬುದ್ಧನಿಗೆ ಒಂದು ಹೂವಿಟ್ಟು, ಬೀರು ತೆಗೆದು ಕೋವಿಗೂ ಒಂದು ಹೂವಿಟ್ಟು, ಕುಂಕುಮ ಹಚ್ಚುತ್ತಿದ್ದಳು. ಪ್ರಶ್ನೆ ಕೇಳಿದರೆ, "ಬುದ್ಧ ಒಳ್ಳೇನು ಕಣವ್ವ, ಬ್ಯಾಡ ಅನ್ನಾಕಿಲ್ಲ" ಎನ್ನುತ್ತಿದ್ದಳು. ನನ್ನ ತಮ್ಮ ಪ್ರಭು ವಿದ್ಯುತ್ ಇಲಾಖೆಯ ನೌಕರ, ಭಾನುವಾರದ ವಂದನೆ ನಡೆಸಿಕೊಡುವವನು. ಅವನಿಗೆ ಕೋವಿ ಕಂಡರೆ ಮುಜುಗರ.

ಅಪ್ಪ ತೀರಿಕೊಂಡ ಮೇಲೆ ಕಾನೂನಿನ ಪ್ರಕಾರ ಕೋವಿಯನ್ನು ಅಂಗಡಿಯೊಂದರ ಸುಪರ್ದಿಗೆ ಕೊಟ್ಟೆವು. ಲೈಸೆನ್ಸು ವಾರಸುದಾರರ ಹೆಸರಿಗೆ ಆಗಬೇಕು. ಪ್ರಭು ಬೇಡವೆಂದ, ನಾನು ಬೇಕೆಂದೆ. ಅದಕ್ಕಾಗಿ ಪೊಲೀಸರ ತರಬೇತಿಗೂ ಹೋದೆ. ನನ್ನ ಶಿಷ್ಯರ ವಯಸ್ಸಿನವರ ಸಾಲಿನಲ್ಲಿ ಬೋರಲು ಮಲಗಿ ಗುರಿಯಿಟ್ಟೆ. ಗುರಿ ತಗುಲಿದ್ದು ಪಕ್ಕದವನ ಹಲಗೆಗೆ. ಅವನು ಬಹಳ ಸಂತೋಷಪಟ್ಟ. ನನಗೆ ಮೇಲೇಳಲು ಇಬ್ಬರು ಪೇದೆಯರ ಸಹಾಯ ಬೇಕಾಯಿತು. ಓಡಾಡಿ, ಕಾದು, ಮತ್ತೆ ಓಡಾಡಿ, ಕಡೆಗೂ ಲೈಸೆನ್ಸು ನನ್ನ ಹೆಸರಿಗೆ ಬಂತು. ಕೋವಿಯೂ ಮನೆಗೆ ಬಂತು, ಆದರೆ ಸತ್ತು ಬಂದಿತ್ತು. ನಳಿಗೆ ತುಕ್ಕು ಹಿಡಿದಿತ್ತು. ಹಿಂದಕ್ಕೆಳೆದರೆ ಕಚ್ಚಿಕೊಂಡು, ಮೂಲೆಹಿಡಿದ ಮುದುಕರ ಹಾಗೆ ನರಳುತ್ತಿತ್ತು.

ಆ ವಾರವೇ ಕಿರಣ ಬಂದ. ಅದೇ ಪಟೇಲರ ಮೊಮ್ಮಗ. ಹಾರನಹಳ್ಳಿಯಲ್ಲಿ ನನ್ನ ಕ್ಲಾಸಿನಲ್ಲೇ ಕೂತು ವಿಜ್ಞಾನದಲ್ಲಿ ಹೇಗೋ ದಡ ಸೇರಿದವನು. ಈಗ ಹಳೇಬೀಡಿನ ಹತ್ತಿರ ದೇವಸ್ಥಾನ ನೋಡಲು ಬರುವವರಿಗೆಂದು ಹೋಂಸ್ಟೇ ಮಾಡಿದ್ದಾನೆ. ತೊಟ್ಟಿಮನೆ, ತೂಗುಮಂಚ, ಹಿತ್ತಾಳೆ ಹಂಡೆ ಎಲ್ಲ ಸಜ್ಜಾಗಿದೆಯಂತೆ. ಗೋಡೆ ಒಂದು ಖಾಲಿ ಇದೆ.

"ಮೇಡಂ, ಆಕ್ಚುಲಿ ಅದು ನಮ್ ತಾತನ ಗನ್ ಅಲ್ವಾ. ಎಂಟ್ರೆನ್ಸಲ್ಲಿ, ತಾತನ ಫೋಟೋ ಕೆಳಗೆ ಹಾಕಿದ್ರೆ ಸೂಪರಾಗಿರುತ್ತೆ. ನಳಿಗೆಗೆ ವೆಲ್ಡಿಂಗ್ ಮಾಡ್ಸಿ, ಡೆಡ್ ಮಾಡ್ಸಿ, ಪೇಪರ್ಸ್ ಎಲ್ಲ ನಾನೇ ನೋಡ್ಕೋತೀನಿ. ಹೇಗಿದ್ರೂ ಕೆಟ್ಟೋಗಿದೆ. ನಿಮಗ್ಯಾಕೆ ಮೇಡಂ?"

ಹುಡುಗ ಕೆಟ್ಟವನಲ್ಲ. ಆದರೆ ಆ ಕೊನೆಯ ಮಾತು ಬಂದದ್ದೇ ನನಗೆ ಸಿಟ್ಟು ನೆತ್ತಿಗೇರಿತು. ಆ ಗೋಡೆಯ ಮೇಲೆ ಕೋವಿ ಹಾಕಿ ಯಾರ ಕಥೆ ಹೇಳುತ್ತಾನೆ? ಹೊಂಗೆ ಮರದ್ದಂತೂ ಹೇಳಲಾರ. ಬೂಟು ಹಾಕಿಕೊಂಡು ಆ ಮನೆಯ ಮುಂದೆ ಹಾದುಹೋದ ಅಪ್ಪನ ಕೋವಿ, ಬಾಯಿಗೆ ಬೆಸುಗೆ ಹಾಕಿಸಿಕೊಂಡು ಆ ಮನೆಯವರ ಪಟದ ಕೆಳಗೇ ತೂಗಬೇಕೆ?

"ಕೊಟ್ಟುಬಿಡಕ್ಕ" ಎಂದ ಪ್ರಭು. "ಪಂಚಶೀಲದಲ್ಲಿ ಮೊದಲನೇದೇ ಕೊಲ್ಲಬಾರದು ಅಂತ. ಬುದ್ಧನ ಪಟದ ಕೆಳಗೆ ಕೋವಿ ಇಟ್ಕೊಂಡು ಕೂತಿದೀವಿ."

"ನಾನು ಕೊಲ್ತೀನಿ ಅಂದ್ನಾ? ರಿಪೇರಿ ಮಾಡಿಸ್ತೀನಿ ಕಣೋ. ಕೆಟ್ಟಿರೋದನ್ನ ಸರಿ ಮಾಡಬಾರದು ಅಂತ ಯಾವ ಶೀಲದಲ್ಲಿದೆ?" ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಸಿಟ್ಟು ಬಂದಾಗ ಬಾಯಿ ಬುದ್ಧಿಗಿಂತ ಮುಂದೆ ಓಡುವುದು ನನ್ನ ಹುಟ್ಟುಗುಣ. "ಸಂಕ್ರಾಂತಿ ಒಳಗೆ ಇದು ಐದೂ ಈಡು ಹಾರಿಸದೇ ಇದ್ರೆ ನೀನೇ ಬಂದು ತಗೊಂಡು ಹೋಗಪ್ಪ ಕಿರಣ" ಎಂದುಬಿಟ್ಟೆ.

ಅಮ್ಮ, ತಮ್ಮ, ಕಿರಣ ಮೂವರ ಎದುರಿಗೆ ಆಡಿದ ಮಾತು. ನಮ್ಮ ಮನೆಯಲ್ಲಿ ಮಾತು ಕೊಟ್ಟು ತಪ್ಪಿದರೆ ಅಮ್ಮ ಊಟಕ್ಕೆ ಬಡಿಸುವಾಗ ಅದನ್ನೂ ಬಡಿಸುತ್ತಾಳೆ. ಆಗ ಕಾರ್ತಿಕ ಕಳೆದು ಚಳಿ ಶುರುವಾಗಿತ್ತು.

ಕೋವಿ ರಿಪೇರಿಗೆ ಲೈಸೆನ್ಸ್ ಇರುವವರು ನಮ್ಮ ಕಡೆ ವಿರಳ. ಪುಟ್ಟಾಚಾರ್ ಎನ್ನುವವರು ಸಿಕ್ಕಿದರು. ಹಳೇಬೀಡಿನಿಂದ ಬಸ್ಸಿನಲ್ಲಿ ಅರಸೀಕೆರೆಗೆ ಬಂದು ಅಂಗಡಿ ತೆಗೆಯುತ್ತಾರೆ. ಬೇಲೂರು ಹಳೇಬೀಡಿನ ಕಡೆ ಉಳಿ ಹಿಡಿದ ಪ್ರತಿಯೊಬ್ಬರ ಮುತ್ತಾತನೂ ಆ ದೇವಸ್ಥಾನದ ಒಂದಾದರೂ ಆನೆ ಕೆತ್ತಿರುತ್ತಾನೆ. ಪುಟ್ಟಾಚಾರರ ಮುತ್ತಾತ ಒಂದು ಸಾಲು ಪೂರ್ತಿ ಕೆತ್ತಿದ್ದನಂತೆ. ಹಾಗಾಗಿ ಅವರಿಗೆ ಕೋವಿಯ ಒಳಭಾಗಕ್ಕಿಂತ ಹೊರಭಾಗದ ಮೇಲೆ ಆಸಕ್ತಿ.

"ತುಕ್ಕು ತೆಗೆದು, ಬಣ್ಣ ಕುದಿಸಿ, ಪಕ್ಕದಾಗೆ ಒಂದು ನವಿಲು ಕೆತ್ತಿಕೊಡ್ತೀನಿ ಮೇಡಮ್ಮೋರೆ. ನೋಡ್ದೋರು ಬೆರಗಾಗಬೇಕು."

"ನವಿಲು ಬೇಡ ಆಚಾರ್ರೆ, ಹಾರಿದ್ರೆ ಸಾಕು."

"ನವಿಲು ಹಾರಲ್ವೇನ್ರೀ?" ಎಂದು ಅವರೇ ನಕ್ಕರು.

ನವಿಲು ಬಿಟ್ಟು ಉಳಿದ ಕೆಲಸ ಶ್ರದ್ಧೆಯಿಂದ ಮಾಡಿದರು. ನಳಿಗೆಯ ತುಕ್ಕು ಉಜ್ಜಿ ತೆಗೆದು ಕಪ್ಪುನೀಲಿ ಬಣ್ಣ ಬರಿಸಿದರು. ನಳಿಗೆಯ ಕೆಳಗಿನ, ಸೀಳಿದ್ದ ಮುಂಗಟ್ಟಿಗೆಗೆ ತೇಗದ ಚಕ್ಕೆ ಸೇರಿಸಿದರು. ನಳಿಗೆ ಜಾರುವ ಕೊಳವೆಯನ್ನೂ ಅದರ ಹಿತ್ತಾಳೆ ಬಳೆಯನ್ನೂ ತಿಕ್ಕಿ ಹೊಳೆಯಿಸಿದರು. ನಾನು ದಿನಾ ಸಂತೆಗೆ ಹೋಗುವವಳ ಹಾಗೆ ಚೀಲ ಹಿಡಿದು ಹೋಗಿ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೆ. ಮೂವತ್ತು ವರ್ಷಕ್ಕೂ ಮೇಲೆ ಬೇರೆಯವರ ಮಕ್ಕಳ ತಪ್ಪು ತಿದ್ದಿದ ಅಭ್ಯಾಸ, ಸುಮ್ಮನೆ ಕೂರುವುದು ಸುಲಭವಲ್ಲ. ಒಂದು ದಿನ ಅವರು, "ನೀವು ನಾಳೆ ಬರದಿದ್ರೆ ಕೆಲಸ ಬೇಗ ಆಗುತ್ತೆ" ಎಂದು ಮರ್ಯಾದೆಯಾಗಿಯೇ ಹೇಳಿದರು. ನಾನು ಮಾರನೆಯ ದಿನವೂ ಹೋದೆ.

ಅಂಗಡಿಯ ಹಿಂದೆ ಮರಳು ತುಂಬಿದ ಗುಂಡಿಯೊಂದಿದೆ, ರಿಪೇರಿಯಾದ ಕೋವಿಗಳನ್ನು ಅದರೊಳಗೆ ಹಾರಿಸಿ ನೋಡುವುದು. ಧನುರ್ಮಾಸದ ಒಂದು ಬೆಳಿಗ್ಗೆ, ಬಾಯಿ ಬಿಟ್ಟರೆ ಹೊಗೆ ಬರುವಂಥ ಚಳಿಯಲ್ಲಿ, ಆಚಾರರು ಐದು ತೋಟಾ ತುಂಬಿ ಹಾರಿಸಿದರು. ಮೊದಲನೆಯದು ಢಂ ಎಂದಿತು. ಖಾಲಿ ತೋಟಾ ಅರ್ಧ ಆಚೆ ಬಂದು ಬಾಗಿಲಲ್ಲೇ ಸಿಕ್ಕಿಕೊಂಡಿತು. ಬಿಡಿಸಿ ಮತ್ತೆ ಹಾರಿಸಿದರು. ಮತ್ತೆ ಅದೇ. ಇನ್ನೊಂದು ದಿನ ಮಧ್ಯಾಹ್ನ ನೋಡಿದೆವು. ಎರಡು ಈಡು ಸಲೀಸಾಗಿ ಹಾರಿ ಮೂರನೆಯದಕ್ಕೆ ನಿಂತಿತು. ಅದರ ಮಾರನೆಯ ಬೆಳಿಗ್ಗೆ ಮತ್ತೆ ಒಂದಕ್ಕೇ ಬಾಯಿ ಕಚ್ಚಿತು. ಆಚಾರರು ತಲೆಯಾಡಿಸಿದರು.

"ಹಿಂದ್ಲ ಸ್ಪ್ರಿಂಗ್ ಸತ್ತೋಗೈತೆ. ಈ ಕೋವಿದು ಈಗ ಎಲ್ಲೂ ಸಿಗಲ್ಲ. ಒಂದು ಕೆಲಸ ಮಾಡಾನ. ಹೊಟ್ಟೆ ಮುಚ್ಚಿಬಿಟ್ಟು ಒಂಟಿ ಈಡಿನ ಕೋವಿ ಮಾಡಿಕೊಡ್ತೀನಿ. ಹೆಣ್ಣುಮಕ್ಕಳು, ನಿಮಗ್ಯಾಕೆ ಐದು?"

ಬಂತಲ್ಲ, ಇಲ್ಲಿಗೂ ಬಂತು ಆ ಮಾತು. "ಐದೀಡಿಂದು ಐದೀಡಿಂದಾಗೇ ಇರಬೇಕು" ಎಂದು ಹೇಳಿ ಹೊರಗೆ ಬಂದೆ. ಆದರೆ ಬೀದಿಗೆ ಬಂದ ಮೇಲೆ ಬೆರಳು ಮಡಿಸಿ ದಿನ ಎಣಿಸಿದೆ. ಸಂಕ್ರಾಂತಿ ಹತ್ತಿರವಿತ್ತು. ಕಿರಣ ನಗುನಗುತ್ತಾ ಬಂದು, ಥ್ಯಾಂಕ್ಸ್ ಮೇಡಂ ಎಂದು ಹೇಳಿ, ಅಪ್ಪನನ್ನು ಹೊತ್ತುಕೊಂಡು ಹೋದಂತೆ ಕೋವಿಯನ್ನು ಹೊತ್ತುಕೊಂಡು ಹೋಗುವುದು ಕಣ್ಣಿಗೆ ಕಟ್ಟಿತು. ದುಃಖಕ್ಕಿಂತ ಅವಮಾನವೇ ಹೆಚ್ಚಾಗಿ ಆಯಿತು. ಅಪ್ಪ ಪಟೇಲರಿಗೆ ಎದುರು ನಿಂತು ಉಳಿಸಿಕೊಂಡದ್ದನ್ನು ನಾನು ನನ್ನ ಬಾಯಿಚಪಲದಿಂದ ಕಳೆಯಲಿದ್ದೆ.

ಮಾರನೆಯ ಬೆಳಿಗ್ಗೆ ಅಮ್ಮ ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಕೂತಳು. ನಮ್ಮ ಅರಸೀಕೆರೆ ಸೀಮೆಯಲ್ಲಿ ಕೊಬ್ಬರಿ ಎಣ್ಣೆಗೆ ಬರವಿಲ್ಲ. ತಲೆಗೂ ಅದೇ, ಮೈಗೂ ಅದೇ, ಬಾಗಿಲಿನ ಕೀಲು ಕಿರ್ರ್ ಎಂದರೂ ಅದೇ, ಹೊಲಿಗೆ ಮಿಷನ್ನಿಗೂ ಅದೇ. ಸೀಸೆ ಬೋರಲು ಹಾಕಿದರೂ ತೊಟ್ಟು ಬೀಳಲಿಲ್ಲ. ಚಳಿಗೆ ಎಣ್ಣೆ ಬೆಣ್ಣೆಯಾಗಿತ್ತು. "ಬಿಸ್ಲಿಗೆ ಇಟ್ಟು ಬಾರವ್ವ, ಕರಗ್ಲಿ" ಎಂದಳು. ಸೀಸೆ ಹಿಡಿದುಕೊಂಡು ವರಾಂಡಕ್ಕೆ ಹೋದವಳು ಅಲ್ಲೇ ನಿಂತೆ. ಕೋವಿಯೂ ಬೆಳಿಗ್ಗೆ ಕಚ್ಚಿಕೊಳ್ಳುತ್ತದೆ, ಮಧ್ಯಾಹ್ನ ಸಡಿಲವಾಗುತ್ತದೆ. ಸತ್ತ ಸ್ಪ್ರಿಂಗಿಗೆ ಬೆಳಿಗ್ಗೆಯೇನು, ಮಧ್ಯಾಹ್ನವೇನು? ಇಷ್ಟು ವರ್ಷ ವಿಜ್ಞಾನ ಹೇಳಿಕೊಟ್ಟವಳಿಗೆ ಇದು ಹೊಳೆಯಲು ಎಣ್ಣೆ ಸೀಸೆಯೇ ಬೇಕಾಯಿತು.

"ಅಮ್ಮಾ, ಕೋವಿಗೆ ನೀನೇನಾದರೂ ಕೊಬ್ಬರಿ ಎಣ್ಣೆ ಹಾಕಿದ್ಯಾ?"

"ಹಾಕ್ದೆ ಇರ್ತೀನಾ?" ಎಂದಳು ಅಮ್ಮ ಹೆಮ್ಮೆಯಿಂದ. "ನಿಮ್ಮಪ್ಪನ ಕಣ್ಣು ಹೋದ ಮ್ಯಾಲೆ ಅದಕ್ಕೆ ದಿಕ್ಕು ಯಾರು? ವರ್ಸ ವರ್ಸ ಆಯುಧಪೂಜೆಗೆ ಹಾಕ್ತಿದ್ದೆ. ಮ್ಯಾಲೆ ಸವರಿದ್ರೆ ಏನ್ ಬಂತು, ಒಳಗೆ ತುಕ್ಕು ಹಿಡಿಯಾಕಿಲ್ವಾ? ಅದಕ್ಕೇ ಒಳಲೆಯಾಗೆ ಕುಡಿಸ್ತಿದ್ದೆ."

ಒಳಲೆ ಎಂದರೆ ಕೂಸುಗಳ ಬಾಯಿಗೆ ಹಾಲು, ಔಷಧಿ ಹೊಯ್ಯುವ ಪುಟ್ಟ ಮೂತಿಯ ಬಟ್ಟಲು. ನನಗೂ ಪ್ರಭುವಿಗೂ ಹರಳೆಣ್ಣೆ ಕುಡಿಸಿದ್ದು ಅದರಲ್ಲೇ. ಕೋವಿಯನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ಬಾಯಿ ತೆರೆಸಿ, ನಮ್ಮ ತೋಟದ ಕಾಯಿಯ ಗಾಣದೆಣ್ಣೆ ಹೊಯ್ದು, ಹಿಂಭಾಗಕ್ಕೆ ಇಳಿಯಲೆಂದು ಎತ್ತಿ ನಿಲ್ಲಿಸುತ್ತಿದ್ದಳಂತೆ. ತೇಗಿಸಿದೆಯಾ ಎಂದು ಕೇಳಬೇಕೆನ್ನಿಸಿತು. ಎಣ್ಣೆಯ ಜೊತೆ ಅವಳು ಹಚ್ಚಿದ ಕುಂಕುಮವೂ ಇಳಿದಿತ್ತು. ಕೆಟ್ಟ ಕೋವಿಯನ್ನು ಅಪ್ಪ ಸರಿಮಾಡಿದ್ದ, ಸರಿ ಇದ್ದ ಕೋವಿಯನ್ನು ಅಮ್ಮ ಮುದ್ದು ಮಾಡಿ ಕೆಡಿಸಿದ್ದಳು.

ಆಚಾರರು ಮೊದಲು ನಂಬಲಿಲ್ಲ. ಸ್ಪ್ರಿಂಗ್ ಇರುವುದು ಹೆಗಲಿಗೆ ಒತ್ತಿಕೊಳ್ಳುವ ಹಿಂಬದಿಯ ಕಟ್ಟಿಗೆಯೊಳಗಿನ ಕೊಳವೆಯಲ್ಲಿ. ಕಟ್ಟಿಗೆ ಹಳೆಯದು, ಸೀಳಿದರೆ ಎಂದು ಅದನ್ನು ಅವರು ಬಿಚ್ಚಿಯೇ ಇರಲಿಲ್ಲ. "ಸೀಳಿದ್ರೆ ನನ್ನ ಮೇಲೆ ಬರಬೇಡಿ" ಎಂದರು. "ಸೀಳಿದ್ರೆ ನಿಮ್ಮ ಮುತ್ತಾತನ ಮೇಲ್ ಬರ್ತೀನಿ, ಬಿಚ್ಚಿ" ಎಂದೆ. ಬಿಚ್ಚಿದರು. ಕೊಳವೆಯ ಮುಚ್ಚಳ ತಿರುಗಿಸಿದ ಕೂಡಲೇ ಕಮಟು ಕೊಬ್ಬರಿಯ ವಾಸನೆ ಅಂಗಡಿ ತುಂಬಿತು. ಆಚಾರರು ಟವೆಲ್ಲಿನಿಂದ ಮೂಗು ಮುಚ್ಚಿಕೊಂಡರು. ಬೆಳ್ಳಗೆ, ಅಲ್ಲಲ್ಲಿ ಹಸಿರಾಗಿ, ನಡುವೆ ಕುಂಕುಮದ ಗೆರೆಯೆಳೆದುಕೊಂಡು ಗಟ್ಟಿಯಾಗಿ ಕೂತಿತ್ತು ಅಮ್ಮನ ಪ್ರೀತಿ. ಬಿಸಿನೀರು ಹೊಯ್ದು ಕರಗಿಸಿ, ಸೀಮೆಎಣ್ಣೆಯಲ್ಲಿ ತೊಳೆದೆವು. ಒಳಗಿಂದ ಬಂದ ಸ್ಪ್ರಿಂಗು ಒತ್ತಿ ಬಿಟ್ಟರೆ ಕೈಯಿಂದ ಹಾರಿ ಆಚಾರರ ಟೀ ಲೋಟ ಉರುಳಿಸಿತು. ಸತ್ತಿರಲಿಲ್ಲ, ಜೀವ ಗಟ್ಟಿ ಹಿಡಿದುಕೊಂಡಿತ್ತು.

ಭೋಗಿ ಹಬ್ಬದ ಬೆಳಿಗ್ಗೆ, ಬೇಕೆಂದೇ ಚಳಿಯಲ್ಲಿ, ಮರಳುಗುಂಡಿಯ ಮುಂದೆ ನಿಂತೆವು. ಈ ಸಲ ನಾನೇ ಹಾರಿಸುತ್ತೇನೆ ಎಂದೆ. ಅಮ್ಮ ಆಟೋದಲ್ಲಿ ಬಂದು ಗೋಡೆಯ ಪಕ್ಕ ಕೂತಿದ್ದಳು. ಪ್ರಭುವೂ ಬಂದಿದ್ದ, ಕೋವಿ ಕಡೆ ನೋಡದೆ ಮೊಬೈಲು ನೋಡುತ್ತಿದ್ದ. ಕಿವಿಗೆ ಹತ್ತಿ ತುರುಕಿಕೊಂಡು, ಹೆಗಲಿಗೆ ಒತ್ತಿ, ಕುದುರೆ ಎಳೆದೆ. ಒಂದು. ಹೆಗಲಿಗೆ ಗುದ್ದು ಬಿತ್ತು, ಖಾಲಿ ತೋಟಾ ಹಾರಿಹೋಯಿತು, ಖಟಕ್ ಎಂದು ಬಾಗಿಲು ಮುಚ್ಚಿತು. ಎರಡು. ಮೂರು. ನಾಲ್ಕನೆಯದಕ್ಕೆ ನಾನು ಕಣ್ಣು ಮುಚ್ಚಿದ್ದೆ. ಐದು. ಹೊಟ್ಟೆ ಖಾಲಿಯಾಗಿ ಕೋವಿ ಬಾಯಿ ತೆರೆದು ನಿಂತಿತು. ಹೊಗೆಯ ನಡುವೆ ಅಪ್ಪನ ಖಾಕಿ ಅಂಗಿಯ ವಾಸನೆ ಬಂದಂತಾಗಿ ನಾನು ಅತ್ತುಬಿಟ್ಟೆ. ಪ್ರಭು ಮೊಬೈಲು ಜೇಬಿಗಿಟ್ಟು, ನೆಲದಲ್ಲಿ ಬಿದ್ದಿದ್ದ ಖಾಲಿ ತೋಟಾಗಳನ್ನು ಒಂದೊಂದೇ ಆರಿಸಿ ತಂದು ಅಮ್ಮನ ಮಡಿಲಿಗೆ ಹಾಕಿದ.

ಸಂಕ್ರಾಂತಿಯ ದಿನ ಕಿರಣ ಕಾರಿನಲ್ಲಿ ಬಂದ. ಕೋವಿ ಸುತ್ತಲು ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಹಾಳೆ ತಂದಿದ್ದ. ಐದೂ ಹಾರಿತು ಎಂದೆ. ಅವನು ನಂಬದವನಂತೆ ಪ್ರಭುವಿನ ಮುಖ ನೋಡಿದ. "ಹೌದು ಕಣೋ, ನಾನೇ ನಿಂತು ನೋಡ್ದೆ" ಎಂದ ಪ್ರಭು. ಬೀರು ತೆಗೆದು ಕೋವಿಯನ್ನು ಹೊರಗೆ ತಂದು, ಖಾಲಿ ಇದೆ ಎಂದು ತೋರಿಸಿದೆ. ಕಪ್ಪುನೀಲಿಯ ನಳಿಗೆ ಕಿಟಕಿಯ ಬೆಳಕಿಗೆ ಹೊಳೆಯಿತು. ಕಿರಣನ ಮುಖ ಅರಳಿತು. ಅದು ನಿಜವಾದ ಸಂತೋಷವೇ, ಸುಳ್ಳು ಹೇಳಬಾರದು.

"ವಾವ್ ಮೇಡಂ! ತಾತ ಇದ್ದಿದ್ರೆ..." ಎನ್ನುತ್ತಾ ಎರಡೂ ಕೈ ಮುಂದೆ ಚಾಚಿದ.

ನಾನು ಕೋವಿಯನ್ನು ಹಿಂದಕ್ಕೆಳೆದುಕೊಂಡೆ. "ಮುಟ್ಟಬೇಡ" ಎಂದೆ. "ಲೈಸೆನ್ಸು ನನ್ನ ಹೆಸರಲ್ಲಿದೆ. ಬೇರೆಯವರು ಮುಟ್ಟೋ ಹಾಗಿಲ್ಲ."

ಕಾನೂನಿನ ಮಾತು, ಆಡಬೇಕಾದ್ದನ್ನೇ ಆಡಿದ್ದೆ. ಆದರೆ ಮುಟ್ಟಬೇಡ ಎಂಬ ಆ ಶಬ್ದ ನಮ್ಮ ಮನೆಯ ನಡುಮನೆಯಲ್ಲಿ, ನನ್ನ ಬಾಯಿಂದ, ಅವರ ಮನೆಯ ಹುಡುಗನಿಗೆ ಹೇಳಿದ್ದಾಗಿ ನನ್ನ ಕಿವಿಗೇ ಬಿತ್ತು. ಕಿರಣನಿಗೂ ಕೇಳಿಸಿತು. ಅವನ ಮುಖ ಕೆಂಪಾಯಿತು. ಚಾಚಿದ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಹಾಗೇ ನಿಂತ. ಪಾಪ ಎನ್ನಿಸಿತು, ಜೊತೆಗೆ ತಣ್ಣಗೂ ಆಯಿತು, ಎರಡೂ ನಿಜ. ನಾನು ಕ್ಷಮೆ ಕೇಳಲಿಲ್ಲ, ಕೋವಿಯನ್ನೂ ಕೊಡಲಿಲ್ಲ. ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಅಷ್ಟರಲ್ಲಿ ಅಮ್ಮ ಒಳಗಿನಿಂದ ಎಳ್ಳುಬೆಲ್ಲದ ತಟ್ಟೆ ಹಿಡಿದು, ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದಳು. ಇನ್ನೂ ಗಾಳಿಯಲ್ಲೇ ಇದ್ದ ಅವನ ಕೈಗಳನ್ನು ನೋಡಿದಳು. ಮುಷ್ಟಿ ತುಂಬ ಎಳ್ಳು ಎತ್ತಿ ಅವುಗಳೊಳಕ್ಕೆ ಸುರಿದಳು.

"ತಗಳಪ್ಪ, ತಿನ್ನು. ಇದ್ಕೆ ಲೈಸೆನ್ಸ್ ಬ್ಯಾಡ."